ಸೋಸಿದ ಮೇಲೂ ನಿಲ್ಲದ ಕ್ರಿಯೆ

ಶಾಹೀನ್, ನಿನ್ನ ಪ್ರಯೋಗ ಸರಿಯಾಗಿಯೇ ಇತ್ತು. ಅದು ಕೆಟ್ಟಿದೆ ಎಂದು ನಮ್ಮ ಪಿಎಚ್.ಡಿ. ಗೈಡ್ ಮುಂದೆ ಸುಳ್ಳು ಹೇಳಿದವಳು ನಾನು — ಮೊದಲು ಹೆದರಿ, ಆಮೇಲೆ ಗೊತ್ತಿದ್ದೂ ಗೊತ್ತಿದ್ದೂ.

ಚಿಕ್ಕಬಳ್ಳಾಪುರದ ಆ ಲ್ಯಾಬಿನಲ್ಲಿ ಸಿಲಿಕಾ ಪುಡಿ ಮಾಡುತ್ತಿದ್ದವಳು ನೀನು. ನೋಡಲು ಅಕ್ಕಿಹಿಟ್ಟು, ಕಣ್ಣಿಗೆ ಕಾಣದ ಒಂದೊಂದು ಕಣದೊಳಗೂ ಜೇನುಹಲ್ಲೆಯ ಹಾಗೆ ತೂತುಗಳು. ಆ ತೂತುಗಳಲ್ಲಿ ಪಲ್ಲಾಡಿಯಂ ಲೋಹ ಕೂರಿಸುವುದು ನನ್ನ ಪಾಲಿನ ಕೆಲಸ. ಲೋಹ ಅಲ್ಲೇ ಕೂತು ರಾಸಾಯನಿಕ ಕ್ರಿಯೆ ನಡೆಸುತ್ತದೆ, ಪುಡಿಯನ್ನು ಸೋಸಿ ತೆಗೆದು ಮತ್ತೆ ಮತ್ತೆ ಬಳಸಬಹುದು — ನನ್ನ ಪಿಎಚ್.ಡಿ. ನಿಂತಿದ್ದದ್ದೇ ಈ ಮಾತಿನ ಮೇಲೆ.

ಪರೀಕ್ಷಿಸಿಯೇಬಿಡೋಣ ಎಂದವಳೂ ನೀನೇ. ಕ್ರಿಯೆ ಅರ್ಧ ನಡೆದಿದ್ದಾಗ, ದ್ರಾವಣ ಬಿಸಿಯಿರುವಾಗಲೇ ನೀನು ಪುಡಿಯನ್ನು ಸೋಸಿದೆ. ಪುಡಿ ಹೋದ ಮೇಲೆ ಕ್ರಿಯೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಂದರೆ ಲೋಹ ತೂತು ಬಿಟ್ಟು ದ್ರಾವಣಕ್ಕೆ ಇಳಿದಿತ್ತು. ನನ್ನ ಪಿಎಚ್.ಡಿ. ನಿಂತಿದ್ದ ಮಾತೇ ಸುಳ್ಳಾಗಿತ್ತು. ಗೈಡ್ ಬಂದು ಕೇಳಿದಾಗ ಬಾಯಿಗೆ ಬಂದದ್ದು —

"ಫ್ಲಾಸ್ಕ್ ಸರಿಯಾಗಿ ತೊಳ್ದಿಲ್ಲ ಸಾರ್ ಇವ್ಳು. ಹಳೇ ಪಲ್ಲಾಡಿಯಂ ಅಂಟ್ಕೊಂಡಿರ್ಬೇಕು."

ಹಾಗೆ ಆಗುವುದೂ ಉಂಟು, ಅದಕ್ಕೇ ಅವರು ನಂಬಿದರು. ನೀನೂ ನಂಬಿದೆ. "ಇರ್ಬೌದು ಕಣೇ" ಎಂದು ತಲೆ ತಗ್ಗಿಸಿದೆ. ಮಾರನೆಯ ದಿನ ನೀನು ಬರುವ ಮೊದಲೇ ಹೊಸ ಫ್ಲಾಸ್ಕ್ ತೆಗೆದು ನಾನೇ ಮಾಡಿ ನೋಡಿದೆ. ಆಗಲೂ ನಿಲ್ಲಲಿಲ್ಲ. ಎಲ್ಲವನ್ನೂ ವೇಸ್ಟ್ ಕ್ಯಾನಿಗೆ ಸುರಿದು ಸುಮ್ಮನಾದೆ. ಗೈಡ್ ನಿನ್ನನ್ನು ಆ ಕೆಲಸದಿಂದ ತೆಗೆದರು, ಸಂಶೋಧನಾ ಪೇಪರ್ ನಿನ್ನ ಹೆಸರಿಲ್ಲದೆ ಅಚ್ಚಾಯಿತು. ನಿಮ್ಮೂರು ಶಿಡ್ಲಘಟ್ಟಕ್ಕೆ ಹೋದವಳು ನೀನು ಮತ್ತೆ ಲ್ಯಾಬಿಗೆ ಬರಲಿಲ್ಲ. ನನಗೆ ಡಾಕ್ಟರೇಟ್ ಬಂತು, ಗೌರಿಬಿದನೂರಿನ ಔಷಧ ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತು.

ಮೊನ್ನೆ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಅಮ್ಮಿಯ ಜೊತೆ ಮುರುಗಮಲ್ಲದ ದರ್ಗಾಕ್ಕೆ ಹೊರಟಿದ್ದೆಯಂತೆ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೀಯಂತೆ. ನಗುತ್ತಲೇ ಹೇಳಿದೆ: "ಪಿಎಚ್.ಡಿ. ನನ್ ಕೈಲಾಗೋದಲ್ಲ ಬಿಡೇ. ಒಂದು ಫ್ಲಾಸ್ಕ್ ತೊಳ್ಯಕ್ಕೆ ಬರ್ಲಿಲ್ಲ ನಂಗೆ."

ನಾನು — ಹೇಗೆ ಹೇಳಲಿ — ನಿನ್ನ ಜೊತೆ ನಕ್ಕೆ. ಥೂ, ನಕ್ಕುಬಿಟ್ಟೆ.

ನಿನ್ನೆ ಗೈಡ್‌ಗೆ ಎಲ್ಲ ಹೇಳಿದೆ. "ಈಗ್ಯಾಕಮ್ಮ ಅದೆಲ್ಲ?" ಎಂದರು. ಪೇಪರ್ ಹಿಂತೆಗೆದುಕೊಳ್ಳಿ ಎಂದು ಅದನ್ನು ಅಚ್ಚು ಹಾಕಿದ ವಿಜ್ಞಾನ ಪತ್ರಿಕೆಗೂ ಬರೆದಿದ್ದೇನೆ. ಪದವಿ ಹೋಗಬಹುದು, ಕೆಲಸವೂ ಹೋಗಬಹುದು. ಭಾನುವಾರ ಶಿಡ್ಲಘಟ್ಟಕ್ಕೆ ಬರುತ್ತೇನೆ. ನಿನ್ನ ಅಬ್ಬಾ, ಅಮ್ಮಿ ಇಬ್ಬರೂ ಇರುವಾಗಲೇ ಹೇಳಬೇಕು — ಅವತ್ತು ನಿಮ್ಮ ಮಗಳಿಗೆ ಬಂದ ಉತ್ತರವೇ ಸರಿ, ಅದನ್ನು ಮುಚ್ಚಿಟ್ಟವಳು ನಾನು. ಬಾಗಿಲು ತೆಗೆಯದಿದ್ದರೆ ಬೀದಿಯಲ್ಲೇ ನಿಂತು ಹೇಳುತ್ತೇನೆ.