ಮತ ಕೇಳಿದ ನ್ಯಾಯಾಧೀಶೆ

ನೆದರ್ಲೆಂಡ್ಸಿನ ಲೈಡನ್ ಸ್ಟೇಷನ್ನಿನ ಕಾಫಿ ಅಂಗಡಿಯಲ್ಲಿ ತಂಗಿಯ ಮಗಳು ಸಹನಾ ತನ್ನ ಸಹೋದ್ಯೋಗಿಯೊಬ್ಬರನ್ನು ಪರಿಚಯಿಸಿದಳು. "ದೊಡ್ಡಮ್ಮ, ಇವ್ರು ಅಮೆರಿಕಾದಲ್ಲಿ ಪಾರ್ಟಿ ಟಿಕೆಟ್ ಮೇಲೆ ಎಲೆಕ್ಷನ್ ಗೆದ್ದು ಕ್ರಿಮಿನಲ್ ಕೋರ್ಟ್ ಜಡ್ಜ್ ಆಗಿದ್ರು. ಇಲ್ಲಿ ಜಡ್ಜ್‌ಗಳಿಗೆ ಎಲೆಕ್ಷನ್ನೇ ಇಲ್ಲ, ಅದನ್ನೇ ಸ್ಟಡಿ ಮಾಡ್ತಿದ್ದಾರೆ."

ಮನೆಮನೆಗೆ ಹೋಗಿ ಮತ ಕೇಳಿದಿರಾ ಎಂದು ವಿಚಾರಿಸಿದೆ. ಆಕೆ ನಗುತ್ತಾ ಹೌದೆಂದರು. ಸಾಕ್ಷ್ಯ ಸಾಲದೆಂದು ಒಬ್ಬ ಆರೋಪಿಯನ್ನು ಬಿಟ್ಟಿದ್ದರಂತೆ. ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷದವರು ಅವನ ಫೋಟೊ ಪಕ್ಕದಲ್ಲೇ ಇವರದನ್ನೂ ಹಾಕಿ ಊರೆಲ್ಲ ಪೋಸ್ಟರ್ ಅಂಟಿಸಿದರು. ಇವರು ಸೋತರು.

"ಅವನನ್ನು ಬಿಟ್ಟಿದ್ದಕ್ಕೆ ಬೇಸರವಿದೆಯಾ?" ಎಂದೆ.

"ಇಲ್ಲ," ಎಂದು ಆಕೆ ಕಪ್ ಕೆಳಗಿಟ್ಟರು. "ಅದೇ ಪ್ರಚಾರದ ದಿನಗಳಲ್ಲಿ ಇನ್ನೊಬ್ಬನನ್ನು ಜೈಲಿಗೆ ಕಳಿಸಿದೆ. ಸಾಕ್ಷ್ಯ ನೋಡಿ ಕಳಿಸಿದೆನೋ, ಮತಕ್ಕೆ ಹೆದರಿ ಕಳಿಸಿದೆನೋ, ಇನ್ನೂ ಗೊತ್ತಾಗಿಲ್ಲ."