ಮಾನಿಟರ್ ಮೇಲಿನ ಮೊಟ್ಟೆ

ಲ್ಯಾಪ್‌ಟಾಪ್ ಬಿಸಿಯಾಗಿ ತೊಡೆ ಸುಡತೊಡಗಿದರೆ ನಿಮಗೆ ಸಿಟ್ಟು ಬರಬಹುದು. ನನಗೆ ಕೋಳಿಮೊಟ್ಟೆ ನೆನಪಾಗುತ್ತದೆ. ಇವತ್ತೂ ಹಾಗೇ ಆಯಿತು. ನಗಬೇಡಿ, ಹೇಳುತ್ತೇನೆ.

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಸಾಫ್ಟ್‌ವೇರ್ ಕೆಲಸ ಸಿಕ್ಕ ಜಂಬದಲ್ಲಿ ನಾನು ಲಿಂಗಂಪಲ್ಲಿಯ ಅಣ್ಣನ ಮನೆಗೆ ಒಂದು ದಢೂತಿ ಕಂಪ್ಯೂಟರ್ ತಂದು ಕೂರಿಸಿದ್ದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅದರ ಮಾನಿಟರಿನ ಬಿಸಿ ನೆತ್ತಿಯ ಮೇಲೆ ರಟ್ಟಿನ ಡಬ್ಬಿಯಿಟ್ಟು, ಥರ್ಮಾಮೀಟರ್ ಸಿಕ್ಕಿಸಿ, ಮೊಟ್ಟೆ ಮಲಗಿಸಿದರು. ಜನ್ಮದಲ್ಲಿ ಮೊಟ್ಟೆ ತಿಂದವರಲ್ಲ! ಕಲಬುರಗಿಯಲ್ಲಿ ಜೀವಶಾಸ್ತ್ರ ಓದಿ ಎಂಟು ವರ್ಷ ಅಡುಗೆಮನೆಯಲ್ಲೇ ಉಳಿದಿದ್ದ ಅವರನ್ನು ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರೊಂದು ಒಂದು ಪಾಠ ಮಾಡಿ ತೋರಿಸಲು ಕರೆದಿತ್ತು. ಒಪ್ಪಿಗೆಯಾದರೆ ಕೆಲಸ. ಮೂರು ದಿನ ಕಾವಿಗಿಟ್ಟ ಮೊಟ್ಟೆಯೊಳಗೆ ಮಿಡಿಯುವ ಹೃದಯವನ್ನೇ ಮಕ್ಕಳಿಗೆ ತೋರಿಸುವುದು ಅವರ ಹಟ.

ನಾನು ತಂದ ಮೊದಲ ಅರ್ಧ ಡಜನ್ ಒಡೆದು ನೋಡಿದರೆ ಬರೀ ಹಳದಿ. "ಅಂಗಡಿ ತತ್ತಿ ತಂದೀಯೇನಪಾ? ಹುಂಜದ ಮುಖಾನೇ ನೋಡಿರಂಗಿಲ್ಲ ಆ ಕೋಳಿ!" ಎಂದು ವೈನಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಜಿನಿಯರನ ಮರ್ಯಾದೆ ಅಲ್ಲಿಗೆ ಮುಗಿಯಿತು. ಆಮೇಲೆ ನಾಟಿ ಮೊಟ್ಟೆ ಬಂತು.

"ವೈನಿ, ಒಂದು ಕೋಶ ಒಡೆದು ಸಾವಿರ ಆಗ್ತಾವ, ಸರಿ. ನೀ ಕಣ್ಣಾಗು, ನೀ ಹೃದಯ ಆಗು ಅಂತ ಹೇಳೋ ಮ್ಯಾನೇಜರ್ ಯಾರು?"

"ಯಾರೂ ಇಲ್ಲೋ! ಎಲ್ಲಾ ಕೋಶದಾಗೂ ಪೂರಾ ಪುಸ್ತಕ ಐತಿ. ಬಾಜೂದವ್ರು ಕಳಸೋ ಸುದ್ದಿ ಕೇಳಿ, ಯಾವ ಪುಟ ಓದಬೇಕು ಅಂತ ತಾವೇ ತಿಳಕೋತಾವ."

ಮೈ ಜುಮ್ಮೆಂದಿತು. ಕಚೇರಿಯಲ್ಲಿ ಮೂವರು ಮ್ಯಾನೇಜರುಗಳಿದ್ದೂ ನಾವು ಒಂದು ಲಾಗಿನ್ ಪುಟ ಸರಿಮಾಡಲಾಗದೆ ಒದ್ದಾಡುತ್ತಿದ್ದೆವು.

ಪಾಠದ ದಿನ ವೈನಿ ಮೊಟ್ಟೆಯನ್ನು ಟವೆಲಿನಲ್ಲಿ ಸುತ್ತಿ, ಸೆರಗಿನೊಳಗೆ ಹೊಟ್ಟೆಗೊತ್ತಿಕೊಂಡು ಬಸ್ ಹತ್ತಿದರು. ಒಬ್ಬಾಕೆ ತಟ್ಟನೆ ಎದ್ದು, "ಕೂರ್ಚೋಮ್ಮಾ," ಎಂದು ಸೀಟು ಬಿಟ್ಟುಕೊಟ್ಟಳು. ವೈನಿ ಗಂಭೀರವಾಗಿ ಕುಳಿತರು. ನಾನು ಕಿಟಕಿಯ ಕಡೆ ತಿರುಗಿ ನಗು ನುಂಗಿದೆ.

ತರಗತಿಯಲ್ಲಿ ಚಿಪ್ಪಿಗೊಂದು ಕಿಂಡಿ ಕೊರೆದರು. ಹಳದಿಯ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕಿ. ಮಿಡಿಯುತ್ತಿತ್ತು! ಮೊದಲು ಕಿರುಚಿದವನು ನಾನೇ. ಮಕ್ಕಳು ಬೆಂಚು ಹತ್ತಿ ಮುಗಿಬಿದ್ದರು. ಸೆಂಟರಿನ ಮಾಲೀಕರು ಮಾತ್ರ ಗಡಿಯಾರ ನೋಡಿ, "ಎಂಟ್ರೆನ್ಸ್ ಮೇ ಯೇ ನಹೀ ಆತಾ, ಮೇಡಂ," ಎಂದರು. ಪ್ರವೇಶ ಪರೀಕ್ಷೆಗೆ ಬಾರದ ಪಾಠ; ಕೆಲಸ ಸಿಗಲಿಲ್ಲ. ಮರಳುವಾಗ ವೈನಿ ಖಾಲಿ ಟವೆಲನ್ನು ಮತ್ತೆ ಮತ್ತೆ ಮಡಚುತ್ತಿದ್ದರು. ನನಗೆ ಅಳುವೇ ಬಂದಿತ್ತು.

ಭಾನುವಾರ ಯಾರೋ ಬಾಗಿಲು ಬಡಿದರು. ತೆಗೆದರೆ ಅದೇ ತರಗತಿಯ ನಾಲ್ವರು ಹುಡುಗಿಯರು, ವಿಳಾಸ ಹುಡುಕಿಕೊಂಡು ಬಂದಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೊಟ್ಟೆ.

"ದೇಸೀ ಹೈ ನಾ?" ಎಂದರು ವೈನಿ, ಕಣ್ಣೊರೆಸಿಕೊಳ್ಳುತ್ತ.

ಅಂದು ಶುರುವಾದ ಮನೆಪಾಠ ಇಂದಿಗೂ ನಿಂತಿಲ್ಲ. ನಾನೂ ಈಗ ಮ್ಯಾನೇಜರ್. ಅಪ್ಪಣೆ ಕೊಡುವುದು ಕಡಿಮೆ, ಕೇಳಿಸಿಕೊಳ್ಳುವುದೇ ಹೆಚ್ಚು. ಇನ್ನೂ ಬರೆಯುವುದಿತ್ತು, ಅಷ್ಟರಲ್ಲಿ ವೈನಿಯ ಫೋನು: "ತತ್ತ್ಯಾಗ ಬಡಿಯಾಕತ್ತೈತಿ, ಲಗೂ ಬಾರೋ!"

ಕ್ಷಮಿಸಿ, ಹೊರಟೆ.