ಒಂದು ಟೀ ಕೂಡ ಕೊಳ್ಳದ ನಾಣ್ಯಗಳು

ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದಾಗ ಏಳುವ ವಾಸನೆಯೊಂದಿದೆ. ಸ್ವಲ್ಪ ಹುಳಿ, ಸ್ವಲ್ಪ ಲೋಹ. ಹಬ್ಬದ ಮುಂಚೆ ಹಲಸೂರಿನ ನಮ್ಮ ಮನೆಯ ಸಿಂಕಿನಿಂದ ಅದು ಹೊರಟಿತೆಂದರೆ ಹಜಾರ ದಾಟಿ ನಾನು ಪತ್ರಿಕೆ ಓದುವ ಕುರ್ಚಿಯವರೆಗೂ ಬರುತ್ತದೆ. ಹೋದ ತಿಂಗಳು ಒಂದು ಬೆಳಗ್ಗೆ ಹಾಗೇ ಬಂತು. ಪತ್ರಿಕೆ ಮಡಿಸಿ ನೋಡಿದೆ. ನನ್ನ ಹೆಂಡತಿ ಸೊಂಟ ಬಗ್ಗಿಸಿಕೊಂಡು ದೀಪದ ಕಂಬ ಉಜ್ಜುತ್ತಿದ್ದಳು. ನನ್ನ ಮುಂದಿನ ಮೇಜಿನ ಮೇಲೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಇಪ್ಪತ್ತಾರು ನಾಣ್ಯ. ಆ ಭಾನುವಾರ ಹನ್ನೊಂದು ಗಂಟೆಗೆ ಅವನ್ನು ಕೊಳ್ಳುವವರು ಬರುವವರಿದ್ದರು. ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ಮಹಾಪ್ರಶ್ನೆಯನ್ನು ಏಕಸದಸ್ಯ ಸಮಿತಿಯಾದ ನಾನು ಹದಿನೈದು ದಿನಗಳಿಂದ ಪರಿಶೀಲಿಸುತ್ತಿದ್ದೆ. ಸಮಿತಿಯಲ್ಲಿ ಒಮ್ಮತ ಮೂಡಿರಲಿಲ್ಲ.

ಸೊಂಟದ ವಿಷಯ ಮೊದಲು ಹೇಳಿಬಿಡಬೇಕು. ನಮ್ಮ ಅಡುಗೆಮನೆಯ ಕಟ್ಟೆಯನ್ನು ನನ್ನ ತಂದೆ ಕಟ್ಟಿಸಿದ್ದು ಅಮ್ಮನ ಅಳತೆಗೆ. ಅಮ್ಮ ನಾಲ್ಕು ಅಡಿ ಒಂಬತ್ತು ಅಂಗುಲ. ನನ್ನ ಹೆಂಡತಿಯಾದರೋ ನನಗಿಂತಲೇ ಎರಡು ಅಂಗುಲ ಎತ್ತರ. ಮದುವೆಯ ಫೋಟೋ ತೆಗೆಯುವಾಗ ನನ್ನನ್ನು ಮಣೆಯ ಮೇಲೆ ನಿಲ್ಲಿಸಿದ್ದರು ಎಂಬುದು ಈವರೆಗೆ ಕುಟುಂಬದೊಳಗೇ ಉಳಿದ ಸಂಗತಿ. ಅವಳು ಮೂವತ್ತಾರು ವರ್ಷ ಆ ಗಿಡ್ಡ ಕಟ್ಟೆಗೆ ಬಗ್ಗಿ ಅಡುಗೆ ಮಾಡಿದ್ದಾಳೆ. ಎತ್ತರಿಸಿಕೊಡಿ ಎಂದು ಒಮ್ಮೆಯೂ ಕೇಳಿದವಳಲ್ಲ. ಈಚೆಗೆ ಒಗ್ಗರಣೆ ಹಾಕಿದ ಮೇಲೆ ಒಂದು ಕೈ ಗೋಡೆಗೆ ಊರಿ ಸ್ವಲ್ಪ ಹೊತ್ತು ನಿಲ್ಲುತ್ತಾಳೆ, ಅಷ್ಟೆ. ನನ್ನ ಪಿಂಚಣಿಯಲ್ಲಿ ಪ್ರತಿ ತಿಂಗಳೂ ಆ ಕೆಲಸವನ್ನು ಮುಂದಿನ ತಿಂಗಳಿಗೆ ಹಾಕುವಷ್ಟು ಮಾತ್ರ ಉಳಿಯುತ್ತಿತ್ತು. ಡಬ್ಬಿಯಲ್ಲಿದ್ದುದಕ್ಕೆ ಕಟ್ಟೆ ಎಬ್ಬಿಸುವ ಶಕ್ತಿಯಿತ್ತು. ಆದರೆ ಆ ಡಬ್ಬಿಯನ್ನು ಒಂದೊಂದಾಗಿ, ವರ್ಷಗಟ್ಟಲೆ, ತುಂಬಿಸಿಕೊಟ್ಟವರು ಶಿವಾಜಿನಗರದ ಸಾಹೇಬರು...

ಅವರ ಅಂಗಡಿಯ ಬೋರ್ಡಿನ ಮೇಲೆ ನಾಣ್ಯದ ಮಾತೇ ಇರಲಿಲ್ಲ. ಬೀಗ ರಿಪೇರಿ, ಡೂಪ್ಲಿಕೇಟ್ ಕೀ, ಅಷ್ಟೇ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೇಬೇಕಾದಷ್ಟು ಜಾಗ. ನಾನಾಗ ದಂಡು ರೈಲು ನಿಲ್ದಾಣದ ಹತ್ತಿರ ಒಂದು ಸರ್ಕಾರಿ ಕಚೇರಿಯಲ್ಲಿ ಹೊಸ ಗುಮಾಸ್ತ. ಸೈಕಲ್ಲಿನ ಬೀಗದ ಕೀ ಕಳೆದುಕೊಂಡು ಊಟದ ವಿರಾಮದಲ್ಲಿ ಅಲ್ಲಿಗೆ ಹೋದೆ. ಅವರು ಅರ ಹಿಡಿದು ಕೀ ಉಜ್ಜುತ್ತಿದ್ದರು. ಪಕ್ಕದಲ್ಲಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಏನೋ ಫಳಫಳ ಹೊಳೆಯುತ್ತಿತ್ತು. ಕೈ ಚಾಚಿದೆ.

"ಹಾಂ ಹಾಂ! ಕೈ ತೊಳೆದ್ರಾ?"

ಹೋಟೆಲಿಗೆ ಬಂದುಬಿಟ್ಟೆನೇನೋ ಎಂದು ಒಂದು ಕ್ಷಣ ಗಾಬರಿಯಾಯಿತು. ಅವರು ಬಾಗಿಲ ಬಳಿಯ ಹೂಜಿಯನ್ನು ತೋರಿಸಿದರು. ತೊಳೆದೆ. ಬಿಳಿ ಟವೆಲ್ಲು ಕೊಟ್ಟರು. ಒರೆಸಿದೆ. ಸ್ಟೂಲಿನ ಮೇಲೆ ಕೂರಿಸಿದರು. ನಿಂತು ನೋಡಿದರೆ ನಾಣ್ಯ ಕೈ ಜಾರಿ ನೆಲಕ್ಕೆ ಬೀಳುತ್ತದಂತೆ. ಆಮೇಲೆ ಒಂದು ನಾಣ್ಯವನ್ನು ಎರಡು ಬೆರಳ ನಡುವೆ, ಅಂಚು ಮಾತ್ರ ತಾಗುವಂತೆ, ನನ್ನ ಕೈಗೆ ದಾಟಿಸಿದರು. ನನ್ನ ಉಪನಯನದಲ್ಲೂ ಇಷ್ಟು ಶಾಸ್ತ್ರ ನಡೆದಿರಲಿಲ್ಲ.

"ಇದು ಕೋರಾ," ಎಂದರು. ಟಂಕಸಾಲೆಯಿಂದ ಹೊರಬಿದ್ದು, ಯಾರ ಜೇಬನ್ನೂ ಸೇರದೆ, ಯಾವ ಗಲ್ಲಾಪೆಟ್ಟಿಗೆಯನ್ನೂ ಕಾಣದೆ ಉಳಿದ ನಾಣ್ಯಕ್ಕೆ ಅವರ ಮಾತು ಅದು. ನೀರು ಮುಟ್ಟದ ಹೊಸ ಬಟ್ಟೆಗೆ ಹೇಳುವ ಹಾಗೆ. "ನೋಡಿ ಕ್ಲರ್ಕ್ ಸಾಬ್, ಇದು ಇದುವರೆಗೂ ಒಂದು ಟೀ ಕೂಡ ಕೊಂಡಿಲ್ಲ."

ಏನೂ ಕೆಲಸ ಮಾಡದೆ ಹೊಳೆಯುತ್ತಾ ಕೂತು ಗೌರವ ಪಡೆಯುವವರು ನಮ್ಮ ಕಚೇರಿಯಲ್ಲೂ ಇಬ್ಬರಿದ್ದರು. ಹಾಗೆಂದೆ. ಸಾಹೇಬರು ನಗಲಿಲ್ಲ. ಕೋರಾ ವಿಷಯದಲ್ಲಿ ಅವರು ನಗುತ್ತಿರಲಿಲ್ಲ. ಬೆಲೆ ಕೇಳಿದ್ದಕ್ಕೆ, "ಮೊದಲ್ನೇ ದಿನ ನೋಡೋದು. ಬೆಲೆ ಇನ್ನೊಂದ್ಸಲ ಬಂದಾಗ," ಎಂದು ಕೀ ಕೊಟ್ಟು ಕಳಿಸಿದರು. ಕೊಳ್ಳಲು ಬಂದವನನ್ನು ಬರಿಗೈಯಲ್ಲಿ ಕಳಿಸುವ ಈ ವ್ಯಾಪಾರ ಎಷ್ಟು ದಿನ ನಡೆದೀತು ಎಂದುಕೊಂಡೆ. ಮರುದಿನ ಊಟ ಬಿಟ್ಟು ಓಡಿಹೋದೆ.

ಅವರದೊಂದು ಪದ್ಧತಿಯಿತ್ತು. ಪ್ರತಿ ನಾಣ್ಯಕ್ಕೂ ಒಂದು ಪುಟ್ಟ ಕಾಗದದ ಲಕೋಟೆ. ಅದರ ಮೇಲೆ ವರ್ಷ, ಅದರ ಕೆಳಗೆ ಅದು ಯಾರ ಕೈಯಿಂದ ಬಂತು ಎಂಬುದು. ಹೆಸರಿರುತ್ತಿರಲಿಲ್ಲ. 'ರಿಚರ್ಡ್ಸ್ ಟೌನಿನ ಪಿಯಾನೋ ಟೀಚರ್', 'ನಿವೃತ್ತ ಹವಾಲ್ದಾರ್', ಹೀಗೆ. ಬೋರ್ಡು ಬರೆಯುವವರ ಬಳಿ ಕಲಿತ ಗುಂಡಗಿನ ಕನ್ನಡದಲ್ಲಿ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದರು. "ಯಾರ ಕೈ ಅಂತ ಗೊತ್ತಿರಬೇಕು ಸಾಬ್. ಇಲ್ಲಾಂದ್ರೆ ಬರೀ ತಗಡು."

ಒಂದೂವರೆ ವರ್ಷದಲ್ಲಿ ನನ್ನ ಬಳಿ ಏಳು ಕೋರಾ ನಾಣ್ಯಗಳಾದವು. ಲಕೋಟೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಬೀರುವಿನ ಮೇಲಿನ ಅರೆಯಲ್ಲಿ ಅಡಗಿಸಿದ್ದೆ. ನಾಲ್ಕು ಅಡಿ ಒಂಬತ್ತು ಅಂಗುಲದ ಮನುಷ್ಯರಿಗೆ ಅದು ಎಟುಕುವುದಿಲ್ಲ ಎಂಬುದು ನನ್ನ ಭದ್ರತಾ ವ್ಯವಸ್ಥೆಯ ಮೂಲ ತತ್ವ. ಸ್ಟೂಲು ಎಂಬ ವಸ್ತುವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ವರಮಹಾಲಕ್ಷ್ಮಿ ಹಬ್ಬದ ದಿನ ಕಚೇರಿಯಿಂದ ಬಂದೆ. ಕಲಶದ ಮುಂದೆ ಬೆಳ್ಳಿತಟ್ಟೆ, ತಟ್ಟೆಯಲ್ಲಿ ನನ್ನ ಏಳೂ ನಾಣ್ಯ, ಒಂದೊಂದರ ಹಣೆಗೂ ಅರಿಶಿನ ಕುಂಕುಮ. ಹಿಂದೆಂದೂ ಇಲ್ಲದಷ್ಟು ಹೊಳೆಯುತ್ತಿದ್ದವು.

"ಹೊಸಾ ನಾಣ್ಯ ಇಟ್ಕೊಂಡು ಹೇಳೇ ಇಲ್ವಲ್ಲೋ," ಎಂದಳು ಅಮ್ಮ, ಬಹಳ ಸಂತೋಷದಿಂದ. "ಹುಣಸೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ತಿಕ್ಕಿದೀನಿ. ಎಷ್ಟು ಜನ ಮುಟ್ಟಿದ್ದೋ ಏನೋ!"

ನಾನು ಕೂತುಬಿಟ್ಟೆ. ನಾನು ಹಬ್ಬಕ್ಕೆಂದು ಉಪವಾಸವಿದ್ದೇನೆ ಎಂದುಕೊಂಡ ಅಮ್ಮ ನನ್ನ ಭಕ್ತಿಗೆ ಮೆಚ್ಚಿ ಒಬ್ಬಟ್ಟು ಬಡಿಸಿದಳು. ನಾನು ಉಪವಾಸವಿರಲಿಲ್ಲ. ಬೆಳ್ಳಿತಟ್ಟೆಯ ಕಡೆ ನೋಡುತ್ತಾ ಒಬ್ಬಟ್ಟು ತಿಂದೆ.

ಮಾರನೆಯ ದಿನ ಸಾಹೇಬರ ಮುಂದೆ ಏಳನ್ನೂ ಇಟ್ಟೆ. ಭೂತಗನ್ನಡಿ ಕಣ್ಣಿಗೊತ್ತಿಕೊಂಡು ಒಂದೊಂದನ್ನೇ ತಿರುಗಿಸಿ ನೋಡಿದರು. ಉಜ್ಜಿದ ಸಣ್ಣ ಗೀರುಗಳು ಬೆಳಕಿಗೆ ಕೂದಲಿನಂತೆ ಕಾಣುತ್ತಿದ್ದವು. ಬಹಳ ಹೊತ್ತಾದ ಮೇಲೆ, "ಕೋರಾ ಹೋಯ್ತು," ಎಂದರು. ಆಮೇಲೆ, ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನನ್ನು ಒಪ್ಪುವ ಹಾಗೆ, "ತೊಳೆದಿರೋದು ಮಾತ್ರ ಬಹಳ ಚೆನ್ನಾಗಿ ತೊಳೆದಿದಾರೆ."

ಏಳು ಹೊಸ ಲಕೋಟೆ ತೆಗೆದರು. ವರ್ಷ ಬರೆದರು. ಕೆಳಗೆ, ಏಳರ ಮೇಲೂ, 'ಅಮ್ಮ ತೊಳೆದದ್ದು' ಎಂದು ಬರೆದರು.

ಇದೆಲ್ಲ ಕೇಳಿದ ಅಮ್ಮನಿಗೆ ತಾನು ಮಾಡಿದ ಅಪರಾಧ ಯಾವುದೆಂದು ಗೊತ್ತಾಗಲಿಲ್ಲ. ಒಂದು ದಿನ ಪಾತ್ರೆ ಕೊಳ್ಳುವ ನೆಪದಲ್ಲಿ ನನ್ನ ಜೊತೆ ಶಿವಾಜಿನಗರಕ್ಕೆ ಹೊರಟು ನೇರ ಆ ಗಲ್ಲಿಗೇ ನಡೆದಳು. ಸಾಹೇಬರು ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟರು. ಅಮ್ಮ ಕೂತಳು. ಹೇಳದೆಯೇ ಕೈ ತೊಳೆದುಕೊಂಡೇ ಕೂತಳು. ಅದರಲ್ಲೇ ಸಾಹೇಬರು ಅರ್ಧ ಸೋತರು.

"ತೊಳೆದ್ರೆ ಏನ್ರೀ ತಪ್ಪು?"

"ತಪ್ಪಿಲ್ಲಮ್ಮ. ಆದ್ರೆ ಇದನ್ನ ಯಾರೂ ಮುಟ್ಟಿರಲಿಲ್ಲ. ಅದೇ ಇದರ ಬೆಲೆ."

ಅಮ್ಮ ಯೋಚಿಸಿದಳು. "ಯಾರೂ ಮುಟ್ಟದೆ, ಯಾರಿಗೂ ಕೊಡದೆ, ಯಾರಿಂದಲೂ ತಗೊಳ್ಳದೆ ಇದ್ದಮೇಲೆ ಅದು ದುಡ್ಡು ಹೇಗಾಯ್ತು ಸಾಹೇಬ್ರೇ?"

ಸಾಹೇಬರು ಜೋರಾಗಿ ನಕ್ಕುಬಿಟ್ಟರು. ಕೋರಾ ವಿಷಯದಲ್ಲಿ ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ. "ಯೋಚನೆ ಮಾಡಿ ಹೇಳ್ತೀನಮ್ಮ," ಎಂದರು.

ಯೋಚನೆ ವರ್ಷಗಟ್ಟಲೆ ನಡೆಯಿತು. ಪ್ರತಿ ಸಲ ಹೋದಾಗಲೂ ಬೀಳ್ಕೊಡುವ ಮಾತು ಒಂದೇ: "ಅಮ್ಮಾವ್ರಿಗೆ ಸಲಾಂ ಹೇಳಿ. ಉತ್ತರ ಇನ್ನೂ ಸಿಕ್ಕಿಲ್ಲ." ಹಬ್ಬಕ್ಕೆ ಮುಂಚೆ, ಸಂತೆ ಸುತ್ತಿ ಸವೆದ ಒಂದು ಹಳೆಯ ನಾಣ್ಯವನ್ನು ಆರಿಸಿ ಅಮ್ಮನಿಗೆಂದೇ ಕೊಟ್ಟು ಕಳಿಸುತ್ತಿದ್ದರು: "ಇದನ್ನ ಎಷ್ಟು ಬೇಕಾದ್ರೂ ತೊಳೀಲಿ." ಹಬ್ಬ ಮುಗಿದ ಮೇಲೆ ಅಮ್ಮ ಅದನ್ನು ಒಬ್ಬಟ್ಟಿನ ಡಬ್ಬಿಯ ಜೊತೆ ವಾಪಸು ಕಳಿಸುತ್ತಿದ್ದಳು, ಫಳಫಳ ಹೊಳೆಯಿಸಿ. ಈ ರಾಜತಾಂತ್ರಿಕ ವಿನಿಮಯದಲ್ಲಿ ನಾನು ಅಂಚೆಯವ. ನನ್ನ ಮದುವೆಯಾಯಿತು, ಬಡ್ತಿ ಬಂತು, ಸೈಕಲ್ ಹೋಗಿ ಸ್ಕೂಟರ್ ಬಂತು... ಡಬ್ಬಿಗೆ ಇನ್ನೂ ಹತ್ತೊಂಬತ್ತು ಕೋರಾ ಸೇರಿದವು. ಕೆಲವು ದೊಡ್ಡ ಬೆಳ್ಳಿಯವು.

ಅಮ್ಮ ತೀರಿಕೊಂಡಾಗ ಸಾಹೇಬರು ಹಲಸೂರಿಗೆ ಬಂದರು. ಅದೇ ಮೊದಲು, ಅದೇ ಕೊನೆ. ಗೇಟಿನ ಪಕ್ಕದ ನಲ್ಲಿಯಲ್ಲಿ ಕೈ ತೊಳೆದುಕೊಂಡು ಒಳಗೆ ಬಂದು ಅಮ್ಮನ ಫೋಟೋದ ಮುಂದೆ ನಿಂತರು. ಹೊರಡುವಾಗ ಮೆಟ್ಟಿಲ ಬಳಿ ಹೇಳಿದರು:

"ಉತ್ತರ ಸಿಕ್ಕಿತ್ತು ಕ್ಲರ್ಕ್ ಸಾಬ್. ಬಹಳ ಹಿಂದೇನೇ. ಹೇಳಿಬಿಟ್ರೆ ಒಬ್ಬಟ್ಟು ನಿಂತುಹೋಗುತ್ತೆ ಅಂತ ಹೇಳಲಿಲ್ಲ." ಚಪ್ಪಲಿ ಮೆಟ್ಟುತ್ತಾ, "ಅಮ್ಮಾವ್ರು ಹೇಳಿದ್ದೇ ಸರಿ. ಕೋರಾ ಕಾಸು ದುಡ್ಡಲ್ಲ. ಅದು ಕಾಯ್ತಾ ಇರುತ್ತೆ, ಅಷ್ಟೇ."

ಯಾವುದಕ್ಕೆ ಕಾಯುವುದು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ... ನಾಲ್ಕಾರು ವರ್ಷದ ನಂತರ ಒಂದು ದಿನ ಹೋದಾಗ ಶಟರ್ ಎಳೆದಿತ್ತು. ಪಕ್ಕದ ಅಂಗಡಿಯವರು ಆಕಾಶದ ಕಡೆ ಬೆರಳು ತೋರಿಸಿದರು.

ಭಾನುವಾರ ಹನ್ನೊಂದಕ್ಕೆ ಇಂದಿರಾನಗರದ ವ್ಯಾಪಾರಿ ಬಂದ. ಐವತ್ತರ ಹತ್ತಿರದವನು, ನನ್ನನ್ನು ಅಂಕಲ್ ಎಂದ. ಕೈ ತೊಳೆಯಲು ಸಿಂಕು ತೋರಿಸಿದರೆ, "ಗ್ಲೌಸ್ ಇದೆ ಅಂಕಲ್," ಎಂದು ಬಿಳಿ ಕೈಗವಸು ತೊಟ್ಟ. ಅಂಚು ಹಿಡಿದೇ ನೋಡಿದ; ಒಳ್ಳೆಯ ಅಂಕ ಕೊಟ್ಟೆ. ಹತ್ತೊಂಬತ್ತಕ್ಕೆ ಅವನು ಹೇಳಿದ ಬೆಲೆಗೆ ಕಟ್ಟೆಯೇನು, ಹೊಸ ಸಿಂಕೂ ಏಳುತ್ತಿತ್ತು. ಉಳಿದ ಏಳನ್ನು ಪಕ್ಕಕ್ಕೆ ಸರಿಸಿದ.

"ಇವು ವೇಸ್ಟ್ ಅಂಕಲ್. ಯಾರೋ ಕ್ಲೀನ್ ಮಾಡಿಬಿಟ್ಟಿದಾರೆ. ಯಾರು ಮಾಡಿದ್ದು?"

"ಲಕೋಟೆ ಮೇಲೆ ಬರೆದಿದೆ."

ಓದಿದ. "ಸಾರಿ ಅಂಕಲ್," ಎಂದ, ನಿಜವಾಗಿಯೇ.

ಒಳಗೆ ಹೆಂಡತಿ ಕುಕ್ಕರ್ ಇಳಿಸಿ ಗೋಡೆಗೆ ಕೈ ಊರುವುದು ಕಾಣಿಸಿತು. ನನ್ನ ಏಕಸದಸ್ಯ ಸಮಿತಿ ಅಲ್ಲೇ ಸಭೆ ಸೇರಿತು. ಈ ಹತ್ತೊಂಬತ್ತು ಇಷ್ಟು ವರ್ಷ ಕಾಯುತ್ತಿದ್ದದ್ದು ಯಾವುದಕ್ಕೆ ಎಂಬುದು ಅದಕ್ಕೆ ಕೊನೆಗೂ ಹೊಳೆಯಿತು. ಒಂದೇ ಷರತ್ತು ಹಾಕಿದೆ: ಲಕೋಟೆ ಸಮೇತ ಒಯ್ಯಬೇಕು, ಎಸೆಯಕೂಡದು. ಒಪ್ಪಿದ. ಪೆನ್ನು ತೆಗೆದು, ಸಾಹೇಬರ ಗುಂಡಗಿನ ಅಕ್ಷರದ ಕೆಳಗೆ ಹತ್ತೊಂಬತ್ತು ಸಲ 'ಹಲಸೂರಿನ ಗುಮಾಸ್ತ' ಎಂದು ಬರೆದು ಕೊಟ್ಟೆ.

"ಮಾರೇಬಿಟ್ರಾ?" ಎಂದಳು ಹೆಂಡತಿ. ಕಾರಣ ಹೇಳಿದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದಳು. "ನಾನೆಷ್ಟು ಎತ್ತರ ಅಂತ ಗೊತ್ತಾಗೋಕೆ ಮೂವತ್ತಾರು ವರ್ಷ ಬೇಕಾಯ್ತಾ ನಿಮಗೆ?"

"ಫೋಟೋದಲ್ಲಿ ಒಂದೇ ಸಮ ಕಾಣ್ತಿದ್ವಲ್ಲ," ಎಂದೆ.

ಗಾರೆಯವನು ಬಂದ. ರಾಯಚೂರಿನ ಕಡೆಯವನು, ಕೆ.ಆರ್. ಪುರದಲ್ಲಿ ಸಂಸಾರ ಸಮೇತ ಬಾಡಿಗೆ ಕೋಣೆಯಲ್ಲಿದ್ದಾನೆ. ಹಳೆಯ ಕಟ್ಟೆ ಒಡೆದು ಮೊದಲ ಇಟ್ಟಿಗೆ ಇಡುವ ಮುಂಚೆ ಕೈ ತಡೆದು ಕೂತ. "ಯಜಮಾನ್ರ, ತಳಕ್ಕ ಒಂದು ಕಾಯಿನ್ ಹಾಕ್ಬೇಕ್ರಿ. ಕೊಡ್ರಿ."

ಮನೆಯೆಲ್ಲ ಹುಡುಕಿದೆವು. ಕರಿಬೇವಿಗೂ ಫೋನ್ ತೋರಿಸುವ ಕಾಲ. ಚಿಲ್ಲರೆ ಎಂಬುದು ಮನೆಯಿಂದ ಯಾವಾಗ ಹೋಯಿತೋ ಗೊತ್ತೇ ಆಗಿಲ್ಲ. ನೋಟು ಆಗುತ್ತದೆಯೇ ಎಂದು ಕೇಳಿದೆ.

"ಹುಳ ತಿಂತಾವ್ರಿ!" ಎಂದು ನಕ್ಕ.

ಡಬ್ಬಿ ತೆಗೆದು ಏಳರಲ್ಲಿ ಒಂದು ಲಕೋಟೆ ಬಿಚ್ಚಿದೆ. ಅಂಚು ಹಿಡಿದು ಕೊಟ್ಟೆ. ಅವನು ಸಿಮೆಂಟ್ ಮೆತ್ತಿದ ಕೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ಅದರ ಮುಖವನ್ನು ಹಸಿ ಗಾರೆಗೆ ಒತ್ತಿದ. 'ಕೈ ತೊಳೆದ್ರಾ?' ಎನ್ನಲು ನನ್ನ ಬಾಯಿ ತಾನಾಗಿ ತೆರೆಯಿತು, ಕಷ್ಟಪಟ್ಟು ಮುಚ್ಚಿಕೊಂಡೆ. ಅದರ ಮೇಲೆ ಇಟ್ಟಿಗೆ ಕೂತಿತು. ಅಮ್ಮ ತೊಳೆದ ಕಾಸಿನ ಮೇಲೆ ಸೊಸೆಯ ಅಳತೆಯ ಕಟ್ಟೆ ಎದ್ದಿತು.

ಈಗ ಅವಳು ನೆಟ್ಟಗೆ ನಿಂತು ಒಗ್ಗರಣೆ ಹಾಕುತ್ತಾಳೆ. ಖಾಲಿ ಲಕೋಟೆಯ ಮೇಲೆ, 'ಅಮ್ಮ ತೊಳೆದದ್ದು' ಎಂಬುದರ ಕೆಳಗೆ, 'ಸೊಸೆಯ ಕಟ್ಟೆಗೆ' ಎಂದು ಬರೆದೆ. ಪದ್ಧತಿ ಪದ್ಧತಿಯೇ. ಬರೆದ ಮೇಲೆ ಇದನ್ನು ಯಾರಿಗಾದರೂ ತೋರಿಸಬೇಕು ಅನ್ನಿಸಿತು. ತೋರಿಸಿದರೆ ಅರ್ಥ ಮಾಡಿಕೊಳ್ಳುವವರು ಒಬ್ಬರೇ.

ಮೊನ್ನೆ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ ಆ ಗಲ್ಲಿಯಲ್ಲಿ ನಿಂತು ಬಂದೆ. ಅಂಗಡಿಯಿದ್ದ ಜಾಗದಲ್ಲಿ ಮೊಬೈಲಿನ ಕವರುಗಳು ನೇತಾಡುತ್ತಿವೆ. "ಯಾವ ಮಾಡೆಲ್ ಸಾರ್?" ಎಂದು ಕೇಳಿದರು. ಏನೂ ಬೇಡ ಎಂದೆ. ಜೇಬಿನಲ್ಲಿ ಖಾಲಿ ಲಕೋಟೆಯಿತ್ತು. ಹೊರಡುವ ಮುಂಚೆ ಮನೆಯಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡೇ ಹೋಗಿದ್ದೆ.